ರಸ್ತೆ ಕೂಡುವೆಡೆಗಳಲ್ಲಿ ಸಂಚಾರ ವೃತ್ತಗಳ ಉಪಯುಕ್ತತೆ: ಸಾರ್ವಜನಿಕರ ತಿಳಿವಳಿಕೆಗಾಗಿ

1. ಪೀಠಿಕೆ

ಚಿಕ್ಕಬಳ್ಳಾಪುರ ಜಿಲ್ಲೆಯು 2007ನೇ ಇಸವಿಯಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ಅಸ್ತಿತ್ವಕ್ಕೆ ಬಂದಿತು. ಹೊನ್ನಾವರದಿಂದ ಚಿತ್ತೂರಿನವರೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 69 (ಇದರ ಈ ಭಾಗದ ಹಿಂದಿನ ಸಂಖ್ಯೆ 234) ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಹಾಗೂ ಚಿಂತಾಮಣಿ ಪಟ್ಟಣಗಳನ್ನು ಇದೇ ಕ್ರಮದಲ್ಲಿ ಒಂದೇ ದಾರದಲ್ಲಿ ಪೋಣಿಸಿದಂತೆ ಜೋಡಿಸುತ್ತದೆ. ಬೆಂಗಳೂರಿನಿಂದ ಹೈದರಾಬಾದಿನ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 44 (ಹಿಂದಿನ ಸಂಖ್ಯೆ 7) ಜಿಲ್ಲೆಯನ್ನು ದಕ್ಷಿಣೋತ್ತರವಾಗಿ ಹಾದುಹೋಗುತ್ತದೆ. ಇವುಗಳಿಗೆ ದೊಡ್ಡಬಳ್ಳಾಪುರ, ಹಿಂದೂಪುರ, ಮಧುಗಿರಿ, ಕೋಲಾರ, ಶ್ರೀನಿವಾಸಪುರ, ಚೇಳೂರು ಮೊದಲಾದ ಊರುಗಳ ರಸ್ತೆಗಳು ಬಂದು ಸೇರುತ್ತವೆ. ಹೀಗಾಗಿ ನಾಲ್ಕೂ ಪಟ್ಟಣಗಳಲ್ಲಿ ದೂರದ ಲಾರಿಗಳು, ಸಾರಿಗೆ ಬಸ್ಸುಗಳು, ಗೂಡಿನ ಚೀಲ ಹೊತ್ತ ದ್ವಿಚಕ್ರ ವಾಹನಗಳು, ತರಕಾರಿ ಟೆಂಪೊಗಳು, ಟ್ರ್ಯಾಕ್ಟರುಗಳು ಹಾಗೂ ಶಾಲಾ ಮಕ್ಕಳು ಒಂದೇ ಕೂಡುವೆಡೆಯಲ್ಲಿ ಏಕಕಾಲಕ್ಕೆ ಎದುರುಗೊಳ್ಳುವ ಪರಿಸ್ಥಿತಿ ಇದೆ.

ಇಂತಹ ಸ್ಥಳಗಳ ಬಗ್ಗೆ ಸಾರ್ವಜನಿಕರು ಸಲ್ಲಿಸುವ ಮನವಿಗಳಲ್ಲಿ "ಇಲ್ಲಿ ಒಂದು ಸರ್ಕಲ್ ನಿರ್ಮಿಸಿಕೊಡಬೇಕು" ಎಂಬ ಕೋರಿಕೆ ಸಾಮಾನ್ಯವಾಗಿರುತ್ತದೆ. ಕೆಲವರು ಸಂಚಾರ ದೀಪ ಬೇಕೆಂದೂ, ಮತ್ತೆ ಕೆಲವರು ಈಗಿರುವ ವೃತ್ತವನ್ನೇ ತೆರವುಗೊಳಿಸಬೇಕೆಂದೂ ಕೋರುತ್ತಾರೆ. ವೃತ್ತವು ಯಾವ ಸಂದರ್ಭದಲ್ಲಿ ಸಂಚಾರವನ್ನು ಸುಗಮಗೊಳಿಸುತ್ತದೆ, ಯಾವ ಸಂದರ್ಭದಲ್ಲಿ ಅದೇ ಅಡಚಣೆಯಾಗುತ್ತದೆ ಎಂಬುದನ್ನು ಅರ್ಜಿದಾರರು ಮುಂಚಿತವಾಗಿ ತಿಳಿದಿದ್ದಲ್ಲಿ, ಅರ್ಜಿಯನ್ನು ಸರಿಯಾದ ವಿವರಗಳೊಂದಿಗೆ ಸಲ್ಲಿಸಲು ಅನುಕೂಲವಾಗುತ್ತದೆ. ಈ ಉದ್ದೇಶದಿಂದ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ವೃತ್ತ ಎಂದರೇನು?

ನಮ್ಮ ಆಡುಮಾತಿನಲ್ಲಿ ಮೂರು ಅಥವಾ ನಾಲ್ಕು ರಸ್ತೆಗಳು ಸೇರುವ ಯಾವುದೇ ಸ್ಥಳವನ್ನು "ಸರ್ಕಲ್" ಎನ್ನಲಾಗುತ್ತದೆ. ಚಿಕ್ಕಬಳ್ಳಾಪುರದ ಶಿಡ್ಲಘಟ್ಟ ವೃತ್ತ, ಶಿಡ್ಲಘಟ್ಟದ ಕೋಟೆ ವೃತ್ತ, ಚಿಂತಾಮಣಿಯ ಚೇಳೂರು ವೃತ್ತ, ಗೌರಿಬಿದನೂರಿನ ಗಾಂಧಿ ವೃತ್ತ ಇವೆಲ್ಲವೂ ಸ್ಥಳನಾಮಗಳಾಗಿ ರೂಢಿಯಲ್ಲಿವೆ. ಆದರೆ ಹೆಸರಿನಲ್ಲಿ ವೃತ್ತವಿದ್ದ ಮಾತ್ರಕ್ಕೆ ಆ ಸ್ಥಳವು ತಾಂತ್ರಿಕ ಅರ್ಥದಲ್ಲಿ ಸಂಚಾರ ವೃತ್ತವಾಗುವುದಿಲ್ಲ.

ತಾಂತ್ರಿಕವಾಗಿ ಸಂಚಾರ ವೃತ್ತ (ರೋಟರಿ ಅಥವಾ ರೌಂಡಬೌಟ್) ಎನಿಸಿಕೊಳ್ಳಲು ಈ ಕೆಳಕಂಡ ಮೂರು ಅಂಶಗಳು ಇರಬೇಕಾಗುತ್ತದೆ.

(ಅ) ಮಧ್ಯದಲ್ಲಿ ದುಂಡಾದ ನಡುಕಟ್ಟೆ ಇದ್ದು, ಎಲ್ಲ ವಾಹನಗಳೂ ಅದನ್ನು ಒಂದೇ ದಿಕ್ಕಿನಲ್ಲಿ ಸುತ್ತಿ ಹೋಗಬೇಕು.

(ಆ) ಒಳಗೆ ಸುತ್ತುತ್ತಿರುವ ವಾಹನಕ್ಕೆ ಮೊದಲ ಆದ್ಯತೆ ಇದ್ದು, ಹೊರಗಿನಿಂದ ಪ್ರವೇಶಿಸುವ ವಾಹನವು ಕಾಯಬೇಕು.

(ಇ) ಪ್ರವೇಶದ ದಾರಿಯು ಬಾಗಿದ್ದು, ವಾಹನದ ವೇಗವು ತಾನಾಗಿಯೇ ಕಡಿಮೆಯಾಗುವಂತಿರಬೇಕು.

ನಮ್ಮ ದೇಶದಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಚಲಿಸುವುದರಿಂದ, ವೃತ್ತದಲ್ಲಿ ನಡುಕಟ್ಟೆಯು ಸದಾ ಚಾಲಕನ ಬಲಗಡೆ ಇರುತ್ತದೆ. ದೇವಾಲಯದಲ್ಲಿ ಪ್ರದಕ್ಷಿಣೆ ಮಾಡುವಾಗ ಗರ್ಭಗುಡಿಯು ನಮ್ಮ ಬಲಗಡೆ ಇರುವಂತೆಯೇ ಇದು. ಅಪ್ರದಕ್ಷಿಣೆಯಾಗಿ, ಅಂದರೆ ಹತ್ತಿರದ ದಾರಿಯೆಂದು ಬಲಕ್ಕೆ ನೇರವಾಗಿ ನುಗ್ಗಿ ಹೋಗುವುದು ನಿಯಮಬಾಹಿರವೂ ಅಪಾಯಕಾರಿಯೂ ಆಗಿರುತ್ತದೆ. ಕಲಿಕಾ ಲೈಸೆನ್ಸಿಗೆ ಅರ್ಜಿ ಸಲ್ಲಿಸುವವರು ಈ ಹೋಲಿಕೆಯನ್ನು ನೆನಪಿನಲ್ಲಿಟ್ಟುಕೊಳ್ಳಬಹುದು.

3. ಸಂಕ್ಷಿಪ್ತ ಇತಿಹಾಸ

ನ್ಯೂಯಾರ್ಕ್ ನಗರದ ಕೊಲಂಬಸ್ ವೃತ್ತದಲ್ಲಿ 1905ರಲ್ಲಿ, ಪ್ಯಾರಿಸ್ ನಗರದಲ್ಲಿ 12 ರಸ್ತೆಗಳು ಸೇರುವ ಎತ್ವಾಲ್ ಚೌಕದಲ್ಲಿ 1907ರಲ್ಲಿ ಏಕಮುಖ ಸುತ್ತು ಸಂಚಾರವನ್ನು ಜಾರಿಗೆ ತರಲಾಯಿತು. ಆದರೆ ಆರಂಭದ ಹಲವು ವೃತ್ತಗಳಲ್ಲಿ ಒಳಬರುವ ವಾಹನಕ್ಕೇ ಆದ್ಯತೆ ಇತ್ತು, ಅಥವಾ ಯಾರಿಗೆ ಆದ್ಯತೆ ಎಂಬುದೇ ನಿಶ್ಚಿತವಾಗಿರಲಿಲ್ಲ. ಇದರ ಪರಿಣಾಮವಾಗಿ ವಾಹನಗಳು ಹೆಚ್ಚಾದಂತೆ ಒಳಬಂದವು ವೃತ್ತವನ್ನು ತುಂಬಿ, ಹೊರಹೋಗಬೇಕಾದವುಗಳ ದಾರಿಯನ್ನೇ ಮುಚ್ಚಿಬಿಡುತ್ತಿದ್ದವು. ವೃತ್ತವು ಬೀಗ ಹಾಕಿದಂತೆ ನಿಂತುಬಿಡುತ್ತಿತ್ತು. ಈ ಕಾರಣದಿಂದ ಹಲವೆಡೆ ವೃತ್ತಗಳು ಅಪ್ರಯೋಜಕವೆಂಬ ಅಭಿಪ್ರಾಯ ಬೆಳೆಯಿತು.

ಬ್ರಿಟನ್ ದೇಶವು 1966ರಲ್ಲಿ, ವೃತ್ತವನ್ನು ಪ್ರವೇಶಿಸುವ ವಾಹನವು ತನ್ನ ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಡತಕ್ಕದ್ದು ಎಂಬ ನಿಯಮವನ್ನು ಜಾರಿಗೊಳಿಸಿತು. ನಡುಕಟ್ಟೆಯನ್ನು ದೊಡ್ಡದು ಮಾಡದೆ, ರಸ್ತೆಯನ್ನು ಅಗಲಗೊಳಿಸದೆ, ಕೇವಲ ಆದ್ಯತೆಯ ಕ್ರಮವನ್ನು ನಿಶ್ಚಯಪಡಿಸಿದ್ದರಿಂದ ವೃತ್ತಗಳ ಕಾರ್ಯಕ್ಷಮತೆ ಸುಧಾರಿಸಿತು. ಇಂದಿನ ಆಧುನಿಕ ವೃತ್ತಗಳಿಗೆ ಈ ನಿಯಮವೇ ಆಧಾರವಾಗಿದೆ. ವೃತ್ತದ ಯಶಸ್ಸು ಕಲ್ಲು-ಸಿಮೆಂಟಿನ ಕಟ್ಟೆಗಿಂತ ಹೆಚ್ಚಾಗಿ ಶಿಸ್ತನ್ನು ಅವಲಂಬಿಸಿದೆ ಎಂಬುದು ಇದರಿಂದ ತಿಳಿದುಬರುತ್ತದೆ.

ನಮ್ಮ ರಾಜ್ಯದಲ್ಲಿ ಮೈಸೂರು ನಗರದ ಕೃಷ್ಣರಾಜ ವೃತ್ತ, ಚಾಮರಾಜ ವೃತ್ತ ಹಾಗೂ ಹಿಂದೆ ಹಾರ್ಡಿಂಜ್ ವೃತ್ತವೆಂದು ಕರೆಯಲಾಗುತ್ತಿದ್ದ ಜಯಚಾಮರಾಜ ವೃತ್ತಗಳು ಎಲ್ಲರಿಗೂ ಪರಿಚಿತವಾಗಿವೆ. ವಿಶಾಲವಾದ ಸ್ಥಳ ಹಾಗೂ ಅಗಲವಾದ ಕೂಡುರಸ್ತೆಗಳು ಅಲ್ಲಿನ ಅನುಕೂಲಗಳು. ಬೆಂಗಳೂರಿನಲ್ಲಿ ಪರಿಸ್ಥಿತಿ ಭಿನ್ನವಾಗಿದೆ. ಅಲ್ಲಿ ವಾಹನಗಳ ಸಂಖ್ಯೆ ಏರಿದಂತೆ ಅನೇಕ ವೃತ್ತಗಳಿಗೆ ಸಂಚಾರ ದೀಪಗಳನ್ನು ಅಳವಡಿಸಲಾಯಿತು. ಮೇಖ್ರಿ ವೃತ್ತದಂತಹ ಕಡೆ ಕೆಳಸೇತುವೆ ನಿರ್ಮಾಣವಾಯಿತು. ಅಂದರೆ ಒಂದು ಪಟ್ಟಣಕ್ಕೆ ಒಂದು ಕಾಲದಲ್ಲಿ ಸೂಕ್ತವಾದ ವ್ಯವಸ್ಥೆ ಮತ್ತೊಂದು ಕಾಲಕ್ಕೆ ಸಾಲದೆ ಹೋಗಬಹುದು.

4. ವೃತ್ತದಿಂದ ದೊರೆಯುವ ಪ್ರಯೋಜನಗಳು

4.1 ಸುರಕ್ಷತೆ: ನಾಲ್ಕು ಕವಲುಗಳುಳ್ಳ ಸಾಮಾನ್ಯ ಚೌಕದಲ್ಲಿ ವಾಹನಗಳ ಪಥಗಳು ಪರಸ್ಪರ ಸಂಧಿಸುವ ಬಿಂದುಗಳು 32 ಇರುತ್ತವೆ. ಇವುಗಳಲ್ಲಿ 16 ಬಿಂದುಗಳಲ್ಲಿ ಪಥಗಳು ಒಂದನ್ನೊಂದು ಅಡ್ಡಹಾಯುತ್ತವೆ, 8 ಬಿಂದುಗಳಲ್ಲಿ ಕೂಡಿಕೊಳ್ಳುತ್ತವೆ, 8 ಬಿಂದುಗಳಲ್ಲಿ ಅಗಲುತ್ತವೆ. ಒಂಟಿ ಪಥದ ವೃತ್ತವನ್ನು ನಿರ್ಮಿಸಿದಲ್ಲಿ ಈ ಸಂಖ್ಯೆಯು 8ಕ್ಕೆ ಇಳಿಯುತ್ತದೆ (4 ಕೂಡುವ ಹಾಗೂ 4 ಅಗಲುವ ಬಿಂದುಗಳು). ಅತಿ ಹೆಚ್ಚು ಪ್ರಾಣಹಾನಿಗೆ ಕಾರಣವಾಗುವ ಅಡ್ಡಹಾಯುವ ಬಿಂದುಗಳು ಒಂದೂ ಉಳಿಯುವುದಿಲ್ಲ. ವೇಗವೂ ಕಡಿಮೆ ಇರುವುದರಿಂದ, ಅಪಘಾತ ಸಂಭವಿಸಿದರೂ ಅದು ಸಾಮಾನ್ಯವಾಗಿ ಪಕ್ಕಕ್ಕೆ ತಾಗುವ ಸ್ವರೂಪದ್ದಾಗಿರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವೃತ್ತಗಳಾಗಿ ಪರಿವರ್ತಿಸಲಾದ 24 ಕೂಡುವೆಡೆಗಳ ಬಗ್ಗೆ ನಡೆಸಲಾದ, 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಾಯಾಳು ಪ್ರಕರಣಗಳು ಶೇಕಡಾ 76ರಷ್ಟು ಕಡಿಮೆಯಾದುದು ಕಂಡುಬಂದಿತು. ನಮ್ಮಲ್ಲಿ ದ್ವಿಚಕ್ರ ವಾಹನಗಳ ಪ್ರಮಾಣ ಅಧಿಕವಿರುವುದರಿಂದ ಅದೇ ಪ್ರಮಾಣದ ಫಲವನ್ನು ಯಥಾವತ್ತಾಗಿ ನಿರೀಕ್ಷಿಸಲಾಗದಾದರೂ, ಫಲದ ದಿಕ್ಕು ಇದೇ ಆಗಿರುತ್ತದೆ.

4.2 ಕಾಯುವ ಅವಧಿಯ ಉಳಿತಾಯ: ಉದಾಹರಣೆಗೆ, ನಾಲ್ಕು ಕವಲುಗಳಿಗೆ ತಲಾ 25 ಸೆಕೆಂಡು ಹಸಿರು ದೀಪ ಹಾಗೂ ಪ್ರತಿ ಬದಲಾವಣೆಗೆ 5 ಸೆಕೆಂಡು ನಿಗದಿಪಡಿಸಿದಲ್ಲಿ ಒಂದು ಆವರ್ತನೆಯು 120 ಸೆಕೆಂಡು ಆಗುತ್ತದೆ. ಹಸಿರು ದೀಪ ಆರಿದೊಡನೆ ಬಂದ ವಾಹನವು, ಉಳಿದ ಮೂರು ರಸ್ತೆಗಳು ಖಾಲಿಯಿದ್ದರೂ ಸಹ, 95 ಸೆಕೆಂಡು ನಿಲ್ಲಬೇಕಾಗುತ್ತದೆ. ವೃತ್ತದಲ್ಲಿ ಬಲಗಡೆಯಿಂದ ವಾಹನ ಬಾರದಿದ್ದಲ್ಲಿ ನಿಲ್ಲುವ ಪ್ರಮೇಯವೇ ಇರುವುದಿಲ್ಲ. ಸಂಚಾರ ವಿರಳವಾಗಿರುವ ಮಧ್ಯಾಹ್ನ ಹಾಗೂ ರಾತ್ರಿ ವೇಳೆಯಲ್ಲಿ ಈ ಉಳಿತಾಯ ಗಣನೀಯವಾದುದು. ನಸುಕಿನಲ್ಲಿ ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಗೆ ಗೂಡು ತರುವ ರೈತರಿಗೂ, ಚಿಂತಾಮಣಿಯ ಮಾರುಕಟ್ಟೆಗೆ ಟೊಮೆಟೊ ತರುವವರಿಗೂ ಇದು ಅನುಕೂಲಕರವಾಗಿರುತ್ತದೆ.

4.3 ನಿರ್ವಹಣೆ: ವಿದ್ಯುತ್ ಕಡಿತವಾದಲ್ಲಿ ಸಂಚಾರ ದೀಪಗಳು ನಿಷ್ಕ್ರಿಯವಾಗುವ ಸಂಭವವಿರುತ್ತದೆ. ವೃತ್ತದ ಕಾರ್ಯವು ಅದರಿಂದ ನಿಲ್ಲುವುದಿಲ್ಲ. ಆದಾಗ್ಯೂ ರಾತ್ರಿ ವೇಳೆ ನಡುಕಟ್ಟೆಯು ಕಾಣುವಂತೆ ಬೀದಿ ದೀಪ ಹಾಗೂ ಪ್ರತಿಫಲಕ ಫಲಕಗಳು ಅತ್ಯವಶ್ಯಕ.

4.4 ಹಿಂತಿರುಗಲು ಅನುಕೂಲ: ಬಂದ ದಾರಿಯಲ್ಲೇ ಮರಳಬೇಕಾದ ವಾಹನಗಳು ರಸ್ತೆಯ ನಡುವೆ ಅಡ್ಡಲಾಗಿ ತಿರುಗಿಸುವ ಬದಲು ವೃತ್ತವನ್ನು ಪೂರ್ತಿ ಸುತ್ತಿ ಸುರಕ್ಷಿತವಾಗಿ ಮರಳಬಹುದು.

5. ವೃತ್ತದ ಸಾಮರ್ಥ್ಯದ ಲೆಕ್ಕಾಚಾರ

ಭಾರತೀಯ ರಸ್ತೆ ಕಾಂಗ್ರೆಸ್ಸು ವೃತ್ತಗಳಿಗೆ ಸಂಬಂಧಿಸಿದ ಐಆರ್‌ಸಿ 65 ಎಂಬ ಮಾರ್ಗಸೂಚಿಯನ್ನು 1976ರಲ್ಲಿ ಹೊರಡಿಸಿ, 2017ರಲ್ಲಿ ಅದನ್ನು ಪರಿಷ್ಕರಿಸಿರುತ್ತದೆ. ಅಂತಿಮ ವಿನ್ಯಾಸವನ್ನು ಪರಿಷ್ಕೃತ ಮಾರ್ಗಸೂಚಿಯಂತೆಯೇ ತಯಾರಿಸಬೇಕಾಗುತ್ತದೆ. ಆದರೆ 1976ರ ಲೆಕ್ಕಾಚಾರವು ಸರಳವಾಗಿದ್ದು, ಸಾರ್ವಜನಿಕರ ತಿಳಿವಳಿಕೆಗೆ ಅನುಕೂಲವಾಗಿರುವುದರಿಂದ ಅದನ್ನು ಇಲ್ಲಿ ವಿವರಿಸಲಾಗಿದೆ.

5.1 ಸಂಚಾರದ ಮಿತಿಗಳು: ಸದರಿ ಮಾರ್ಗಸೂಚಿಯಂತೆ, ಎಲ್ಲ ಕವಲುಗಳಿಂದ ಒಟ್ಟು ಗಂಟೆಗೆ ಸುಮಾರು 500 ವಾಹನಗಳಿಗಿಂತ ಕಡಿಮೆ ಬರುವ ಕಡೆ ವೃತ್ತದ ಅವಶ್ಯಕತೆ ಇರುವುದಿಲ್ಲ. ಗಂಟೆಗೆ ಸುಮಾರು 3000 ವಾಹನಗಳನ್ನು ವೃತ್ತವು ಸಮರ್ಪಕವಾಗಿ ನಿಭಾಯಿಸಬಲ್ಲ ಗರಿಷ್ಠ ಪ್ರಮಾಣವೆಂದು ಪರಿಗಣಿಸಲಾಗಿದೆ.

5.2 ಕಾರು ಘಟಕ: ಒಂದು ಸೈಕಲ್ಲು ಹಾಗೂ ಒಂದು ಲಾರಿ ರಸ್ತೆಯಲ್ಲಿ ಆಕ್ರಮಿಸುವ ಸ್ಥಳ ಒಂದೇ ಅಲ್ಲ. ಆದ್ದರಿಂದ ಎಲ್ಲ ವಾಹನಗಳನ್ನೂ ಒಂದೇ ಅಳತೆಗೆ ತರಲು ಕಾರನ್ನು 1 ಘಟಕವೆಂದು ಎಣಿಸಲಾಗುತ್ತದೆ. ಇದರಂತೆ ಆಟೋರಿಕ್ಷಾ ಸಹ 1, ದ್ವಿಚಕ್ರ ಮೋಟಾರು ವಾಹನ 0.75, ಸೈಕಲ್ಲು 0.5, ಬಸ್ಸು ಹಾಗೂ ಲಾರಿ 2.8 ಘಟಕಗಳಾಗುತ್ತವೆ. ಎತ್ತಿನ ಗಾಡಿಯನ್ನು 4ರಿಂದ 6 ಘಟಕಗಳೆಂದು ಎಣಿಸಲಾಗಿದೆ.

ಉದಾಹರಣೆಗೆ, ಒಂದು ಕೂಡುವೆಡೆಗೆ ಒಂದು ಗಂಟೆಯಲ್ಲಿ 900 ದ್ವಿಚಕ್ರ ವಾಹನಗಳು, 300 ಕಾರು ಮತ್ತು ಆಟೋಗಳು, 60 ಬಸ್ಸು ಮತ್ತು ಲಾರಿಗಳು, 80 ಸೈಕಲ್ಲುಗಳು ಬರುತ್ತವೆ ಎಂದು ಭಾವಿಸೋಣ. ಒಟ್ಟು ವಾಹನಗಳು 1340. ಘಟಕಗಳಲ್ಲಿ ಕ್ರಮವಾಗಿ 675, 300, 168 ಹಾಗೂ 40, ಒಟ್ಟು 1183 ಆಗುತ್ತದೆ. 60 ದೊಡ್ಡ ವಾಹನಗಳು ಸಂಖ್ಯೆಯಲ್ಲಿ ಶೇಕಡಾ 5ಕ್ಕಿಂತ ಕಡಿಮೆಯಿದ್ದರೂ ಘಟಕಗಳಲ್ಲಿ ಶೇಕಡಾ 14ರಷ್ಟಾಗುವುದನ್ನು ಗಮನಿಸಬಹುದಾಗಿದೆ.

5.3 ಹೆಣಿಗೆ ಭಾಗ: ಒಂದು ಪ್ರವೇಶದಿಂದ ಮುಂದಿನ ನಿರ್ಗಮನದವರೆಗಿನ ಭಾಗದಲ್ಲಿ, ಒಳಬಂದ ವಾಹನಗಳು ಬಲಕ್ಕೂ ಹೊರಹೋಗುವ ವಾಹನಗಳು ಎಡಕ್ಕೂ ಸರಿಯುತ್ತಾ ಚಾಪೆಯ ಎಳೆಗಳಂತೆ ಹೆಣೆದುಕೊಳ್ಳುತ್ತವೆ. ಇದನ್ನು ಹೆಣಿಗೆ ಭಾಗವೆನ್ನಬಹುದು. ಇಡೀ ವೃತ್ತದ ಸಾಮರ್ಥ್ಯವು ಅದರ ಅತ್ಯಂತ ದುರ್ಬಲವಾದ ಹೆಣಿಗೆ ಭಾಗದ ಸಾಮರ್ಥ್ಯಕ್ಕೆ ಸೀಮಿತವಾಗಿರುತ್ತದೆ. ಮೂರು ಭಾಗಗಳು ವಿಶಾಲವಾಗಿದ್ದು ನಾಲ್ಕನೆಯದು ಕಿರಿದಾಗಿದ್ದರೆ, ಆ ನಾಲ್ಕನೆಯದೇ ವೃತ್ತದ ಅಳತೆಯಾಗುತ್ತದೆ.

ಲೆಕ್ಕ ಮಾಡುವ ಕ್ರಮ ಹೀಗಿದೆ. ಮೊದಲಿಗೆ, ಹೆಣಿಗೆ ಭಾಗದ ಅಗಲವನ್ನು ಮೀಟರುಗಳಲ್ಲಿ ತೆಗೆದುಕೊಂಡು 280ರಿಂದ ಗುಣಿಸಬೇಕು. ಎರಡನೆಯದಾಗಿ, ಪ್ರವೇಶದ ಸರಾಸರಿ ಅಗಲವನ್ನು ಹೆಣಿಗೆ ಭಾಗದ ಅಗಲದಿಂದ ಭಾಗಿಸಿ, ಅದಕ್ಕೆ 1 ಕೂಡಿಸಿ, ಬಂದುದರಿಂದ ಮೊದಲಿನ ಮೊತ್ತವನ್ನು ಗುಣಿಸಬೇಕು. ಮೂರನೆಯದಾಗಿ, ಪರಸ್ಪರ ಹೆಣೆದುಕೊಳ್ಳುವ ವಾಹನಗಳ ಪ್ರಮಾಣವನ್ನು 3ರಿಂದ ಭಾಗಿಸಿ, 1ರಿಂದ ಕಳೆದು, ಅದರಿಂದ ಗುಣಿಸಬೇಕು. ಕೊನೆಯದಾಗಿ, ಹೆಣಿಗೆ ಭಾಗದ ಅಗಲವನ್ನು ಅದರ ಉದ್ದದಿಂದ ಭಾಗಿಸಿ, 1 ಕೂಡಿಸಿ, ಬಂದುದರಿಂದ ಒಟ್ಟು ಮೊತ್ತವನ್ನು ಭಾಗಿಸಬೇಕು. ಇದು ಗಂಟೆಗೆ ಕಾರು ಘಟಕಗಳಲ್ಲಿ ಆ ಭಾಗದ ಸಾಮರ್ಥ್ಯ.

ಪ್ರವೇಶದ ಅಗಲ 7 ಮೀಟರು, ಹೆಣಿಗೆ ಭಾಗದ ಅಗಲ 10.5 ಮೀಟರು, ಉದ್ದ 42 ಮೀಟರು, ಹೆಣೆದುಕೊಳ್ಳುವ ವಾಹನಗಳು ನಾಲ್ಕರಲ್ಲಿ ಮೂರು ಪಾಲು (0.75) ಎಂದಿಟ್ಟುಕೊಂಡಲ್ಲಿ, ಮೇಲಿನ ಕ್ರಮದಂತೆ 2940, ಬಳಿಕ 4900, ಬಳಿಕ 3675, ಕೊನೆಯಲ್ಲಿ 2940 ಘಟಕಗಳು ಬರುತ್ತವೆ.

5.4 ನಿಲುಗಡೆಯಿಂದಾಗುವ ನಷ್ಟ: ಇದೇ ವೃತ್ತದ ಅಂಚಿನಲ್ಲಿ ಆಟೋಗಳು, ತಳ್ಳುವ ಗಾಡಿಗಳು ಹಾಗೂ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ವಾಹನಗಳು ನಿಂತು 3 ಮೀಟರು ಅಗಲವನ್ನು ಆಕ್ರಮಿಸಿವೆ ಎಂದು ಭಾವಿಸೋಣ. ಆಗ ಪ್ರವೇಶದ ಅಗಲ 4 ಮೀಟರು, ಹೆಣಿಗೆ ಭಾಗದ ಅಗಲ 7.5 ಮೀಟರು ಮಾತ್ರ ಉಳಿಯುತ್ತದೆ. ಅದೇ ಲೆಕ್ಕದಂತೆ ಸಾಮರ್ಥ್ಯವು ಸುಮಾರು 2050 ಘಟಕಗಳಿಗೆ ಇಳಿಯುತ್ತದೆ. ಅಂದರೆ ಶೇಕಡಾ 30ರಷ್ಟು ಸಾಮರ್ಥ್ಯ ನಷ್ಟವಾದಂತಾಯಿತು. ಸಾರ್ವಜನಿಕರ ತೆರಿಗೆ ಹಣದಿಂದ ನಿರ್ಮಿಸಿದ ಅಗಲದ ಮೂರನೇ ಒಂದು ಭಾಗದಷ್ಟು ಪ್ರಯೋಜನವು ಯಾವ ಕಾಮಗಾರಿಯ ದೋಷವೂ ಇಲ್ಲದೆ ಕೈತಪ್ಪುತ್ತದೆ. "ವೃತ್ತ ಚಿಕ್ಕದಾಗಿದೆ, ವಿಸ್ತರಿಸಿ" ಎಂದು ಕೋರುವ ಮುನ್ನ, ಇರುವ ಅಗಲವು ಸಂಚಾರಕ್ಕೆ ದೊರೆಯುತ್ತಿದೆಯೇ ಎಂಬುದನ್ನು ಪರಿಶೀಲಿಸುವುದು ಸೂಕ್ತ.

6. ವೃತ್ತವು ಸೂಕ್ತವಲ್ಲದ ಸಂದರ್ಭಗಳು

6.1 ಸ್ಥಳಾಭಾವ: 1976ರ ಮಾರ್ಗಸೂಚಿಯಂತೆ ಹೆದ್ದಾರಿಯ ಕಡೆ ಗಂಟೆಗೆ 40 ಕಿಲೋಮೀಟರು, ಪಟ್ಟಣದೊಳಗೆ 30 ಕಿಲೋಮೀಟರು ವೇಗಕ್ಕೆ ವೃತ್ತವನ್ನು ವಿನ್ಯಾಸಗೊಳಿಸಲಾಗುತ್ತದೆ. ಪಟ್ಟಣದೊಳಗೆ ಪ್ರವೇಶದ ಬಾಗಿನ ತ್ರಿಜ್ಯವು 15ರಿಂದ 25 ಮೀಟರು ಇರಬೇಕು ಹಾಗೂ ನಡುಕಟ್ಟೆಯ ತ್ರಿಜ್ಯವು ಅದರ 1.33 ಪಟ್ಟು ಇರಬೇಕು. ಪ್ರವೇಶದ ತ್ರಿಜ್ಯವನ್ನು 20 ಮೀಟರು ಎಂದು ಹಿಡಿದರೆ ನಡುಕಟ್ಟೆಯ ತ್ರಿಜ್ಯ 26.6 ಮೀಟರು. ಅದರ ಸುತ್ತ 10.5 ಮೀಟರು ರಸ್ತೆ ಸೇರಿದಲ್ಲಿ ಒಟ್ಟು ತ್ರಿಜ್ಯ ಸುಮಾರು 37 ಮೀಟರು. ಇದಕ್ಕೆ ಬೇಕಾಗುವ ವಿಸ್ತೀರ್ಣವು, ಪಾದಚಾರಿ ಮಾರ್ಗವನ್ನು ಬಿಟ್ಟು, ಸುಮಾರು 43 ಗುಂಟೆ, ಅಂದರೆ ಒಂದು ಎಕರೆಗೂ ಸ್ವಲ್ಪ ಹೆಚ್ಚು. ಪಟ್ಟಣದ ಹಳೆಯ ಪೇಟೆ ಬೀದಿಗಳಲ್ಲಿ ಇಷ್ಟು ಜಾಗವನ್ನು ಪಡೆಯಬೇಕೆಂದರೆ ಹಲವರ ಅಂಗಡಿ, ಮನೆಗಳನ್ನು ಸ್ವಾಧೀನಪಡಿಸಿಕೊಳ್ಳಬೇಕಾಗುತ್ತದೆ. ಮನವಿಗೆ ಸಹಿ ಹಾಕುವವರು ಈ ಅಂಶವನ್ನು ಅರಿತಿರುವುದು ಒಳ್ಳೆಯದು.

ಸ್ಥಳ ಕಡಿಮೆ ಇರುವೆಡೆ ಕಿರು ವೃತ್ತಗಳ ಪದ್ಧತಿಯೂ ಇದೆ. ಬ್ರಿಟನ್ನಿನಲ್ಲಿ 4 ಮೀಟರು ವ್ಯಾಸವನ್ನು ಮೀರದ, ಲಾರಿಯ ಚಕ್ರವು ಹತ್ತಿ ಇಳಿಯಬಹುದಾದ ತಗ್ಗಾದ ಗುಮ್ಮಟದಂತಹ ನಡುಗುರುತಿನ ಕಿರು ವೃತ್ತಗಳು ಬಳಕೆಯಲ್ಲಿವೆ. ಇವು ಬಡಾವಣೆಗಳ ಒಳರಸ್ತೆಗಳಿಗೆ ಸೂಕ್ತ. ಲಾರಿಗಳು ಹೆಚ್ಚಾಗಿ ಓಡಾಡುವ ಹೆದ್ದಾರಿಯ ಕೂಡುವೆಡೆಗೆ ಇವು ಸರಿಹೊಂದುವುದಿಲ್ಲ.

6.2 ಅಸಮಾನ ಸಂಚಾರ: ಎಲ್ಲ ಕವಲುಗಳಿಂದ ಬಹುತೇಕ ಸಮನಾಗಿ ವಾಹನಗಳು ಬರುವಲ್ಲಿ, ಹಾಗೂ ಬಲಕ್ಕೆ ತಿರುಗುವ ವಾಹನಗಳು ಸುಮಾರು ಶೇಕಡಾ 30 ಅಥವಾ ಅದಕ್ಕಿಂತ ಹೆಚ್ಚು ಇರುವಲ್ಲಿ ವೃತ್ತವು ಉತ್ತಮವಾಗಿ ಕಾರ್ಯನಿರ್ವಹಿಸುತ್ತದೆ. ಹೆದ್ದಾರಿಯಿಂದ ವಾಹನಗಳು ಎಡೆಬಿಡದೆ ಬರುತ್ತಿದ್ದು, ಗ್ರಾಮದ ಕೂಡುರಸ್ತೆಯಿಂದ ಕೆಲವೇ ವಾಹನಗಳು ಬರುವಂತಿದ್ದರೆ, ಆ ಕೆಲವು ವಾಹನಗಳಿಗೆ ಒಳಬರಲು ಎಡೆಯೇ ದೊರೆಯುವುದಿಲ್ಲ. ರೈಲ್ವೆ ಗೇಟು ಅಥವಾ ಬಸ್ ನಿಲ್ದಾಣವು ಸಮೀಪದಲ್ಲಿದ್ದು ವಾಹನಗಳು ಗುಂಪಾಗಿ ಬರುವಂತಿದ್ದರೂ ಇದೇ ತೊಂದರೆ ಉಂಟಾಗುತ್ತದೆ. ರಜಾದಿನಗಳಲ್ಲಿ ನಂದಿಬೆಟ್ಟಕ್ಕೆ ಹೋಗಿಬರುವ ವಾಹನಗಳ ಏಕಮುಖ ದಟ್ಟಣೆಯೂ ಈ ಬಗೆಯದೇ. ಇಂತಹ ಸಮಯದಲ್ಲಿ ಪೊಲೀಸ್ ಸಿಬ್ಬಂದಿಯ ನಿಯಂತ್ರಣ ಅಥವಾ ಸಂಚಾರ ದೀಪವೇ ಉಪಯುಕ್ತ.

6.3 ಪಾದಚಾರಿಗಳ ದಟ್ಟಣೆ: ವೃತ್ತದಲ್ಲಿ ವಾಹನಗಳು ಪೂರ್ತಿಯಾಗಿ ನಿಲ್ಲುವುದಿಲ್ಲವಾದ್ದರಿಂದ ರಸ್ತೆ ದಾಟುವವರಿಗೆ ಮೀಸಲಾದ ಸಮಯ ದೊರೆಯುವುದಿಲ್ಲ. ದೃಷ್ಟಿದೋಷವುಳ್ಳವರು, ವೃದ್ಧರು ಹಾಗೂ ಮಕ್ಕಳಿಗೆ ಇದು ನಿಜವಾದ ಕಷ್ಟ. ಶಾಲೆ ಅಥವಾ ಆಸ್ಪತ್ರೆಗೆ ಹೊಂದಿಕೊಂಡ ಕೂಡುವೆಡೆಗಳಲ್ಲಿ ವಾಹನಗಳ ಅನುಕೂಲವೊಂದನ್ನೇ ನೋಡಿ ತೀರ್ಮಾನಿಸುವುದು ಸರಿಯಲ್ಲ. ವೃತ್ತವನ್ನೇ ನಿರ್ಮಿಸಬೇಕಾದಲ್ಲಿ, ದಾಟುವ ಪಟ್ಟೆಗಳನ್ನು ಪ್ರವೇಶ ರೇಖೆಯಿಂದ ಕನಿಷ್ಠ ಒಂದು ಕಾರಿನ ಉದ್ದದಷ್ಟು ಹಿಂದೆ ಗುರುತಿಸಿ, ಒಂದೊಂದು ಕವಲಿನ ನಡುವೆಯೂ ನಿಂತು ದಾಟಲು ವಿಭಜಕ ಕಟ್ಟೆಯನ್ನು ಒದಗಿಸುವುದು ಅವಶ್ಯ. ಪಾದಚಾರಿಗಳು ಯಾವ ಕಾರಣಕ್ಕೂ ನಡುಕಟ್ಟೆಗೆ ಹೋಗಬಾರದು.

7. ನಡುಕಟ್ಟೆಯ ಮೇಲೆ ಪ್ರತಿಮೆ, ಧ್ವಜಸ್ತಂಭ ಇತ್ಯಾದಿ

ವೃತ್ತಕ್ಕೆ ಸಂಬಂಧಿಸಿದ ಅನೇಕ ಮನವಿಗಳಲ್ಲಿ ಮಹನೀಯರ ಪ್ರತಿಮೆಯನ್ನು ಸ್ಥಾಪಿಸುವ ಕೋರಿಕೆಯೂ ಸೇರಿರುತ್ತದೆ. ಮಾನ್ಯ ಸರ್ವೋಚ್ಚ ನ್ಯಾಯಾಲಯವು 2013ರ ಜನವರಿ 18ರಂದು ನೀಡಿದ ಆದೇಶದಲ್ಲಿ, ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ ಮೊದಲಾದ ಸಾರ್ವಜನಿಕ ಉಪಯೋಗದ ಸ್ಥಳಗಳಲ್ಲಿ ಪ್ರತಿಮೆ ಸ್ಥಾಪಿಸಲು ಅಥವಾ ಕಟ್ಟಡ ರಚಿಸಲು ಇನ್ನು ಮುಂದೆ ಅನುಮತಿ ನೀಡಬಾರದೆಂದು ರಾಜ್ಯ ಸರ್ಕಾರಗಳಿಗೆ ನಿರ್ದೇಶಿಸಿರುತ್ತದೆ. ಬೀದಿ ದೀಪ ಹಾಗೂ ಸಂಚಾರಕ್ಕೆ ಸಂಬಂಧಿಸಿದ ಸೌಲಭ್ಯಗಳಿಗೆ ಇದು ಅನ್ವಯಿಸುವುದಿಲ್ಲ.

ಕಾನೂನಿನ ಜೊತೆಗೆ ತಾಂತ್ರಿಕ ಕಾರಣವೂ ಇದೆ. ವೃತ್ತವನ್ನು ಪ್ರವೇಶಿಸುವ ಚಾಲಕನಿಗೆ ಬಲಗಡೆಯಿಂದ ಬರುವ ವಾಹನವು ಸ್ಪಷ್ಟವಾಗಿ ಕಾಣಬೇಕು. ಫಲಕ, ಬ್ಯಾನರು, ಎತ್ತರದ ಗಿಡ ಹಾಗೂ ಕಟ್ಟಡಗಳು ಈ ನೋಟವನ್ನು ಮರೆಮಾಡುತ್ತವೆ. ಹಬ್ಬ, ಜಯಂತಿ ಹಾಗೂ ಸಮಾರಂಭಗಳ ಸಂದರ್ಭದಲ್ಲಿ ನಡುಕಟ್ಟೆಗೆ ಕಟ್ಟುವ ಫ್ಲೆಕ್ಸುಗಳಿಂದ ಅಪಘಾತದ ಸಂಭವ ಹೆಚ್ಚುತ್ತದೆ ಎಂಬುದನ್ನು ಸಂಘಸಂಸ್ಥೆಗಳ ಗಮನಕ್ಕೆ ತರಲಾಗಿದೆ. ಮಹನೀಯರ ಹೆಸರನ್ನು ವೃತ್ತಕ್ಕೆ ಇಡುವ ಕೋರಿಕೆಯು ಪ್ರತ್ಯೇಕ ವಿಷಯವಾಗಿದ್ದು, ಅದನ್ನು ಪ್ರತ್ಯೇಕ ಅರ್ಜಿಯಲ್ಲಿ ಸಲ್ಲಿಸುವುದು ಸೂಕ್ತ. ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿದಲ್ಲಿ ಸುರಕ್ಷತೆಯ ವಿಷಯವೂ ಅನಗತ್ಯವಾಗಿ ವಿಳಂಬವಾಗುತ್ತದೆ.

8. ಚಾಲಕರು ಪಾಲಿಸಬೇಕಾದ ನಿಯಮಗಳು

1989ರ ರಸ್ತೆ ನಿಯಮಗಳಲ್ಲಿಯೇ ಕೂಡುವೆಡೆಯಲ್ಲಿ ಬಲಗಡೆಯಿಂದ ಬರುವ ವಾಹನಗಳಿಗೆ ದಾರಿ ಬಿಡುವ ನಿಬಂಧನೆ ಇತ್ತು. ಅವುಗಳ ಸ್ಥಾನದಲ್ಲಿ ಜಾರಿಗೆ ಬಂದ ಮೋಟಾರು ವಾಹನಗಳ (ಚಾಲನೆ) ವಿನಿಯಮಗಳು, 2017ರ ಪ್ರಕಾರ, ವೃತ್ತದೊಳಗೆ ಈಗಾಗಲೇ ಇರುವ ವಾಹನಕ್ಕೆ ಪ್ರವೇಶಿಸುವ ವಾಹನಕ್ಕಿಂತ ಮೊದಲ ಹಕ್ಕು ಇರುತ್ತದೆ. ವಾಹನವು ದೊಡ್ಡದೋ ಚಿಕ್ಕದೋ ಎಂಬುದು ಇಲ್ಲಿ ಮುಖ್ಯವಲ್ಲ. ಒಳಗಿರುವ ಸೈಕಲ್ಲಿಗೂ ಹೊರಗಿನ ಬಸ್ಸು ದಾರಿ ಬಿಡತಕ್ಕದ್ದು.

(1) ವೃತ್ತವನ್ನು ಸಮೀಪಿಸುವಾಗ ವೇಗವನ್ನು ತಗ್ಗಿಸಿ, ಬಲಗಡೆ ನೋಡಬೇಕು. ಎಡೆ ದೊರೆತ ನಂತರವೇ ಒಳಬರಬೇಕು.

(2) ಎಡಕ್ಕೆ ತಿರುಗುವವರು ಎಡ ಸೂಚಕ ಹಾಕಿ ಎಡಬದಿಯಲ್ಲಿಯೇ ಸಾಗಬೇಕು.

(3) ಬಲಕ್ಕೆ ತಿರುಗುವವರು ಅಥವಾ ಹಿಂತಿರುಗುವವರು ಬಲ ಸೂಚಕ ಹಾಕಿ ನಡುಕಟ್ಟೆಯ ಸಮೀಪ ಸುತ್ತಿ, ಹೊರಹೋಗುವ ಮುನ್ನ ಎಡ ಸೂಚಕ ಹಾಕಬೇಕು.

(4) ನೇರವಾಗಿ ಹೋಗುವವರು ತಮ್ಮ ಹಿಂದಿನ ಕವಲನ್ನು ದಾಟಿದೊಡನೆ ಎಡ ಸೂಚಕ ಹಾಕಬೇಕು.

(5) ವೃತ್ತದೊಳಗೆ ನಿಲ್ಲಿಸುವುದಾಗಲಿ, ಪ್ರಯಾಣಿಕರನ್ನು ಹತ್ತಿಸಿ ಇಳಿಸುವುದಾಗಲಿ ಮಾಡಕೂಡದು.

(6) ಲಾರಿ, ಬಸ್ಸು ಹಾಗೂ ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರುಗಳ ಹಿಂಬದಿಯು ತಿರುವಿನಲ್ಲಿ ಒಳಕ್ಕೆ ಸರಿಯುವುದರಿಂದ, ದ್ವಿಚಕ್ರ ವಾಹನ ಸವಾರರು ಅವುಗಳ ಪಕ್ಕದಲ್ಲಿ ತೂರಿ ಹೋಗಬಾರದು.

(7) ಆಂಬುಲೆನ್ಸ್ ಬಂದಲ್ಲಿ ವೃತ್ತದೊಳಗೆ ಗಾಬರಿಯಿಂದ ನಿಲ್ಲದೆ, ಹತ್ತಿರದ ನಿರ್ಗಮನದಿಂದ ಹೊರಹೋಗಿ ಎಡಕ್ಕೆ ಸರಿದು ದಾರಿ ಬಿಡಬೇಕು.

9. ಅರ್ಜಿ ಸಲ್ಲಿಸುವ ವಿಧಾನ

9.1 ಯಾರಿಗೆ ಸಲ್ಲಿಸಬೇಕು: ಪ್ರಥಮತಃ ರಸ್ತೆಯು ಯಾರ ವ್ಯಾಪ್ತಿಗೆ ಒಳಪಟ್ಟಿದೆ ಎಂಬುದನ್ನು ತಿಳಿಯತಕ್ಕದ್ದು. ಪಟ್ಟಣದ ಒಳಬೀದಿಗಳು ಸಾಮಾನ್ಯವಾಗಿ ಆಯಾ ನಗರ ಸ್ಥಳೀಯ ಸಂಸ್ಥೆಗೆ, ರಾಜ್ಯ ಹೆದ್ದಾರಿ ಹಾಗೂ ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಗೆ, ಗ್ರಾಮೀಣ ರಸ್ತೆಗಳು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗಕ್ಕೆ, ರಾಷ್ಟ್ರೀಯ ಹೆದ್ದಾರಿಗಳು ಸಂಬಂಧಪಟ್ಟ ಹೆದ್ದಾರಿ ಪ್ರಾಧಿಕಾರ ಅಥವಾ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗಕ್ಕೆ ಸೇರಿರುತ್ತವೆ. ಒಂದೇ ಕೂಡುವೆಡೆಯಲ್ಲಿ ಎರಡು ಅಥವಾ ಮೂರು ಸಂಸ್ಥೆಗಳ ರಸ್ತೆಗಳು ಸೇರುವ ಸಂದರ್ಭಗಳೂ ಇರುತ್ತವೆ. ಅಂತಹ ಕಡೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಮನವಿ ಸಲ್ಲಿಸುವುದು ಹೆಚ್ಚು ಸೂಕ್ತ.

9.2 ಅರ್ಜಿಯಲ್ಲಿ ಇರಬೇಕಾದ ವಿವರಗಳು: (ಅ) ಕೂಡುವೆಡೆಯ ಹೆಸರು, ಸೇರುವ ರಸ್ತೆಗಳು ಹಾಗೂ ಕೈಬರಹದ ನಕ್ಷೆ. (ಆ) ದಟ್ಟಣೆ ಇರುವ ದಿನ ಹಾಗೂ ವೇಳೆ, ಸಂತೆಯ ದಿನವಿದ್ದಲ್ಲಿ ಅದರ ವಿವರ. (ಇ) ತಿಳಿದಿರುವ ಅಪಘಾತಗಳ ದಿನಾಂಕ. (ಈ) ಸಮೀಪದ ಶಾಲೆ, ಆಸ್ಪತ್ರೆ, ಮಾರುಕಟ್ಟೆ, ಬಸ್ ನಿಲುಗಡೆಗಳು. (ಉ) ಸಾಧ್ಯವಾದಲ್ಲಿ, ಬೆಳಗಿನ ಹಾಗೂ ಸಂಜೆಯ ತಲಾ ಒಂದು ಗಂಟೆಯ ವಾಹನ ಎಣಿಕೆ. ಕಾಲೇಜು ವಿದ್ಯಾರ್ಥಿಗಳು ನಾಲ್ವರು ನಾಲ್ಕು ಮೂಲೆಗಳಲ್ಲಿ ಸುರಕ್ಷಿತವಾಗಿ ನಿಂತು ಈ ಎಣಿಕೆಯನ್ನು ಮಾಡಬಹುದಾಗಿದೆ. ಇದು ಅಧಿಕೃತ ಸಮೀಕ್ಷೆಗೆ ಪರ್ಯಾಯವಲ್ಲವಾದರೂ ಅರ್ಜಿಯ ಗಾಂಭೀರ್ಯವನ್ನು ಹೆಚ್ಚಿಸುತ್ತದೆ.

"ವೃತ್ತವೇ ಬೇಕು" ಎಂದು ಪರಿಹಾರವನ್ನು ಸೂಚಿಸುವುದಕ್ಕಿಂತ "ಇಲ್ಲಿ ಇಂತಹ ತೊಂದರೆ ಇದೆ" ಎಂದು ಸಮಸ್ಯೆಯನ್ನು ಸ್ಪಷ್ಟವಾಗಿ ಬರೆಯುವುದು ಹೆಚ್ಚು ಪ್ರಯೋಜನಕಾರಿ. ಕೆಲವೆಡೆ ಒಂದು ವಿಭಜಕ, ಒಂದು ಬೀದಿ ದೀಪ ಅಥವಾ ಆಟೋ ನಿಲ್ದಾಣದ ಸ್ಥಳಾಂತರದಿಂದಲೇ ತೊಂದರೆ ನಿವಾರಣೆಯಾಗಬಹುದು.

9.3 ತಾತ್ಕಾಲಿಕ ವೃತ್ತ: ಶಾಶ್ವತ ಕಾಮಗಾರಿಗೆ ಮುನ್ನ ಮರಳಿನ ಚೀಲ, ಬಣ್ಣ ಬಳಿದ ಡ್ರಮ್ಮು ಹಾಗೂ ಶಂಕುಗಳನ್ನಿಟ್ಟು ಕೆಲವು ವಾರ ಪ್ರಯೋಗ ನಡೆಸುವುದು ಮಿತವ್ಯಯದ ಕ್ರಮ. ಈ ಪ್ರಯೋಗವನ್ನು ಅಧಿಕೃತ ಸಂಸ್ಥೆಯೇ ಕೈಗೊಳ್ಳತಕ್ಕದ್ದು. ಸಾರ್ವಜನಿಕರು ತಾವಾಗಿಯೇ ಕಲ್ಲು, ಡ್ರಮ್ಮುಗಳನ್ನು ರಸ್ತೆಯಲ್ಲಿಟ್ಟಲ್ಲಿ ರಾತ್ರಿ ವೇಳೆ ಪ್ರಾಣಹಾನಿಯಾಗುವ ಸಂಭವವಿದ್ದು, ಕಾನೂನು ಕ್ರಮಕ್ಕೂ ಗುರಿಯಾಗಬೇಕಾಗುತ್ತದೆ.

9.4 ಮಾಹಿತಿ ಪಡೆಯುವ ಹಕ್ಕು: ಮನವಿ ತಿರಸ್ಕೃತವಾದಲ್ಲಿ, ಅದಕ್ಕೆ ಆಧಾರವಾದ ಸಂಚಾರ ಸಮೀಕ್ಷೆ ಹಾಗೂ ತಾಂತ್ರಿಕ ವರದಿಯ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೋರಬಹುದು. ಅರ್ಜಿ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿರುವುದಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ದೊರೆಯಬೇಕು. ಕರ್ನಾಟಕದ ನಿಯಮಗಳಂತೆ ಒಂದು ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು, 150 ಪದಗಳನ್ನು ಮೀರದಂತೆ ಇರಬೇಕು.

10. ಉಪಸಂಹಾರ

ವೃತ್ತವು ಎಲ್ಲ ಕೂಡುವೆಡೆಗಳಿಗೂ ಮದ್ದಲ್ಲ. ಮಧ್ಯಮ ಪ್ರಮಾಣದ ಸಂಚಾರ, ಬಹುತೇಕ ಸಮನಾದ ಕವಲುಗಳು, ಸಾಕಷ್ಟು ಜಾಗ ಹಾಗೂ ಬಲಗಡೆಯವರಿಗೆ ದಾರಿ ಬಿಡುವ ಅಭ್ಯಾಸ, ಈ ನಾಲ್ಕೂ ಇರುವಲ್ಲಿ ಅದು ದೀಪವೂ ಸಿಬ್ಬಂದಿಯೂ ಇಲ್ಲದೆ ಹಗಲಿರುಳು ತನ್ನ ಕೆಲಸವನ್ನು ಮಾಡುತ್ತದೆ ಮತ್ತು ಜೀವಗಳನ್ನು ಉಳಿಸುತ್ತದೆ. ಇವುಗಳಲ್ಲಿ ಮೊದಲ ಮೂರನ್ನು ಇಲಾಖೆಗಳು ಅಳೆದು ನೋಡಿ ತೀರ್ಮಾನಿಸಬಲ್ಲವು. ನಾಲ್ಕನೆಯದು ಸಾರ್ವಜನಿಕರ ಕೈಯಲ್ಲಿಯೇ ಇದೆ, ಹಾಗೂ ಅದಕ್ಕೆ ಯಾವ ಅನುದಾನವೂ ಬೇಕಾಗಿಲ್ಲ.

ಆದುದರಿಂದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಹಾಗೂ ಶಿಡ್ಲಘಟ್ಟ ಪಟ್ಟಣಗಳ ನಾಗರಿಕರು ಮೇಲ್ಕಂಡ ಅಂಶಗಳನ್ನು ಗಮನಿಸಿ, ಅಗತ್ಯ ವಿವರಗಳೊಂದಿಗೆ ಅರ್ಜಿ ಸಲ್ಲಿಸಬೇಕೆಂದೂ, ಈಗಿರುವ ವೃತ್ತಗಳ ಅಂಚುಗಳನ್ನು ತೆರವಾಗಿಟ್ಟು ಸುಗಮ ಸಂಚಾರಕ್ಕೆ ಸಹಕರಿಸಬೇಕೆಂದೂ ಕೋರಲಾಗಿದೆ.